ಹಳೇ ದೋಣಿ ಅಗ್ಗಕ್ಕೆ ಸಿಗ್ತಿದೆ, ತಗೊಳ್ಳಲಾ?

ಹಾಯಿದೋಣಿ ಬಗ್ಗೆ ಓದುಗರಿಗೆ ಉತ್ತರ ಬರೆಯಲು ಒಪ್ಪಿಕೊಂಡಾಗ ಗಾಳಿ, ಅಲೆ, ಗಂಟು ಹಾಕುವ ಬಗೆ, ಇಂಥ ಪ್ರಶ್ನೆಗಳು ಬರುತ್ತವೆ ಅಂದುಕೊಂಡಿದ್ದೆ. ಬರುತ್ತಿರುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. ಅಡಿ ಲೆಕ್ಕ ಬೇರೆ, ದೋಣಿಯ ವಯಸ್ಸು ಬೇರೆ, ಅಷ್ಟೇ. ಈ ಸಲ ಅದಕ್ಕೇ ಜಾಸ್ತಿ ಜಾಗ ಕೊಡುತ್ತೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸಿ ಸುಮ್ಮನಾಗುತ್ತೇನೆ. ಚುಕ್ಕಾಣಿ ಎಲ್ಲಿರುತ್ತದೆ, ಲಂಗರು ಯಾಕೆ ಬೇಕು ಅಂತೆಲ್ಲ ಹೇಳುತ್ತಾ ಕೂರುವುದಿಲ್ಲ.

ಪ್ರಶ್ನೆ: ಗಾಳಿಗೆ ಎದುರಾಗಿಯೂ ಹಾಯಿದೋಣಿ ಹೋಗುತ್ತದಂತೆ. ಇದು ಸುಳ್ಳು ಅಲ್ವಾ?

ನೇರ ಎದುರಿಗೆ ಹೋಗುವುದಿಲ್ಲ. ಸುಮಾರು 45 ಡಿಗ್ರಿ ಓರೆಯಾಗಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ತಿರುಗುತ್ತಾ ಹೋಗುತ್ತದೆ. ಒಂದು ಗಂಟೆ ಸಣ್ಣ ದೋಣಿಯಲ್ಲಿ ಕೂತು ಬನ್ನಿ, ನಾನು ಪುಟಗಟ್ಟಲೆ ಬರೆಯುವುದು ತಪ್ಪುತ್ತದೆ.

ಪ್ರಶ್ನೆ: ಸರ್, ಐದು ದಿನದ ತರಬೇತಿ ಮುಗಿಸಿದ್ದೇನೆ. ಈಗ 30 ಅಡಿಯ, 35 ವರ್ಷ ಹಳೆಯ ಫೈಬರ್ ಹಾಯಿದೋಣಿ ತುಂಬಾ ಅಗ್ಗಕ್ಕೆ ಸಿಗುತ್ತಿದೆ. ಎರಡು ವರ್ಷದಿಂದ ದಡದ ಮೇಲೇ ಇದೆ. ‘ಬಣ್ಣ ಹೊಡೆದರೆ ಸಾಕು, ಹೊಸದರ ಹಾಗೆ ಆಗುತ್ತದೆ’ ಅಂತಾರೆ ಮಾರುವವರು. ಸ್ವಂತ ದೋಣಿ ನನ್ನ ಬಹಳ ದಿನದ ಕನಸು. ತಗೊಳ್ಳಲಾ?

ಬೇಡ.

ಕಾರಣ ಕೇಳದೆ ನೀವು ಬಿಡುವುದಿಲ್ಲ ಅಂತ ಗೊತ್ತು. ಮೊದಲು ನೀವೇ ಒಂದು ಪ್ರಶ್ನೆಗೆ ಉತ್ತರ ಕೊಡಿ. ಕಳೆದ ಒಂದು ವರ್ಷದಲ್ಲಿ, ತರಬೇತಿಯ ಆ ಐದು ದಿನ ಬಿಟ್ಟು, ಎಷ್ಟು ದಿನ ನೀರಿನ ಮೇಲಿದ್ದಿರಿ? ಹೀಗೆ ಕೇಳಿದಾಗಲೆಲ್ಲ ಜನ ‘ದೋಣಿ ಇಲ್ಲವಲ್ಲ ಸರ್, ಅದಕ್ಕೇ’ ಅಂತಾರೆ. ಹಾಗಲ್ಲ. ದೋಣಿ ಇರುವವರಿಗೆ ಯಾವಾಗಲೂ ಹಗ್ಗ ಎಳೆಯುವ ಇನ್ನೊಂದು ಜೊತೆ ಕೈ ಬೇಕಾಗಿರುತ್ತದೆ. ವಾರದ ಕೊನೆಯಲ್ಲಿ ದೋಣಿ ಕಟ್ಟಿಹಾಕುವ ಜಾಗಕ್ಕೆ ಹೋಗಿ, ಊಟದ ಡಬ್ಬಿ ಹಿಡಿದುಕೊಂಡು ‘ನಾನೂ ಬರಲಾ?’ ಅಂತ ನಾಲ್ಕು ಜನರನ್ನು ಕೇಳಿದರೆ ಒಬ್ಬರಾದರೂ ಹತ್ತಿಸಿಕೊಳ್ಳುತ್ತಾರೆ. ಕೇಳುವುದಕ್ಕೆ ನಾಚಿಕೆ, ಕೊಳ್ಳುವುದಕ್ಕೆ ಮಾತ್ರ ಧೈರ್ಯ. ಇದು ನನಗೆ ಇವತ್ತಿಗೂ ಅರ್ಥವಾಗದ ವಿಷಯ.

ಇನ್ನು ಖರ್ಚು. ದೋಣಿಯ ಬೆಲೆಯ ಹತ್ತನೇ ಒಂದು ಭಾಗ ಪ್ರತಿ ವರ್ಷ ಅದರ ಮೇಲೆ ಸುರಿಯಬೇಕು ಅನ್ನುವ ಲೆಕ್ಕವನ್ನು ನೀವೂ ಕೇಳಿರುತ್ತೀರಿ. ಅಗ್ಗದ ದೋಣಿ ಅಂದ ಮೇಲೆ ಅದರ ಹತ್ತನೇ ಒಂದು ಭಾಗವೂ ಅಗ್ಗ ಅಂದುಕೊಂಡರೆ ಅಲ್ಲೇ ಎಡವಿದಿರಿ. ದೋಣಿ ಕಟ್ಟಿಹಾಕುವ ಜಾಗದ ಬಾಡಿಗೆ ಉದ್ದ ನೋಡಿ ಹಾಕುತ್ತಾರೆ, ನೀವು ಕೊಟ್ಟ ಬೆಲೆ ನೋಡಿ ಅಲ್ಲ. ಕ್ರೇನಿನಲ್ಲಿ ಎತ್ತುವುದಕ್ಕೂ, ತಳಕ್ಕೆ ಬಳಿಯುವ ಬಣ್ಣಕ್ಕೂ, ಹೊಸ ಹಾಯಿಗೂ ಅದೇ ಮಾತು. ಹಾಗಾಗಿ ಅದೇ ಅಳತೆಯ ಒಳ್ಳೆಯ ದೋಣಿಯ ಬೆಲೆ ಹಿಡಿದು ಲೆಕ್ಕ ಹಾಕಿ.

‘ಹೇಗೂ ಕೊಳ್ಳುತ್ತೇನೆ, ಸ್ವಲ್ಪ ದೊಡ್ಡದೇ ಇರಲಿ’ ಅನ್ನುವುದು ಇನ್ನೊಂದು ರೋಗ. 24 ಅಡಿ ಬದಲು 30 ಅಡಿ ಅಂದರೆ ಉದ್ದದಲ್ಲಿ ಕಾಲು ಭಾಗ ಮಾತ್ರ ಜಾಸ್ತಿ. ಆದರೆ ಎರಡಕ್ಕೂ ಒಂದೇ ಆಕಾರ ಇದ್ದರೆ ತೂಕ ಹತ್ತಿರಹತ್ತಿರ ಎರಡರಷ್ಟಾಗುತ್ತದೆ. ಹಾಯಿಯ ಅಳತೆ ಒಂದೂವರೆ ಪಟ್ಟಿಗೂ ಮೇಲೆ ಹೋಗುತ್ತದೆ. ಆ ತೂಕ ದಡದ ಕಟ್ಟೆಗೆ ಬಂದು ಗುದ್ದುವಾಗ ನಿಮ್ಮ ಕಾಲು ಮಧ್ಯೆ ಇರಬಾರದು.

ಈಗ ಆ ‘ಬಣ್ಣ ಹೊಡೆದರೆ ಸಾಕು’ ಮಾತಿಗೆ ಬರೋಣ. ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಯಾಕೆಂದರೆ ಒಮ್ಮೆ ನಾನೇ ನಂಬಿದ್ದೆ.

ನಾನು ಕೊಂಡದ್ದು 26 ಅಡಿಯದು. ಹೊಳೆಯುವ ಬಿಳಿ ಡೆಕ್, ಅಂದರೆ ನಾವು ನಡೆದಾಡುವ ಮೇಲ್ಮೈ, ಅದರ ಮೇಲೆ ಹೊಸ ಬಣ್ಣ. ಕೊಂಡ ಮೂರನೇ ವಾರ ಅಂಚಿನ ಕಂಬಿಯೊಂದು ಅಲುಗಾಡುತ್ತಿದೆ ಅಂತ ಅದರ ಬುಡದ ಸ್ಕ್ರೂ ಬಿಚ್ಚಿದೆ. ತೂತಿನಿಂದ ಕಂದು ನೀರು ತೊಟ್ಟಿಕ್ಕಿತು. ಮೂಗಿಗೆ ಕೊಳೆತ ಎಲೆಯ ವಾಸನೆ. ಸ್ಕ್ರೂಡ್ರೈವರ್ ತುದಿ ಹಾಕಿದರೆ ತಡೆಯೇ ಇಲ್ಲದೆ ಒಳಗೆ ಹೋಯಿತು. ಆ ಕಾಲದ ಎಷ್ಟೋ ಫೈಬರ್ ದೋಣಿಗಳ ಡೆಕ್ಕಿನಲ್ಲಿ ಮೇಲೊಂದು ಕೆಳಗೊಂದು ಫೈಬರ್ ಪದರ ಇರುತ್ತದೆ, ನಡುವೆ ಬಾಲ್ಸಾ ಮರ ಅಥವಾ ಪ್ಲೈವುಡ್. ಸ್ಕ್ರೂ ತೂತಿನ ಸುತ್ತ ಬಳಿದ ಅಂಟು ಒಣಗಿ ಬಿರಿದರೆ ನೀರು ಇಳಿಯುತ್ತದೆ. ಇಳಿದ ನೀರಿಗೆ ಹೊರಗೆ ಬರುವ ದಾರಿ ಇಲ್ಲ. ಮೇಲಿನ ಪದರ ಕತ್ತರಿಸಿ, ಕೊಳೆತದ್ದನ್ನು ಚಮಚದಲ್ಲಿ ಕೆರೆದು ತೆಗೆದೆ. ಬಕೆಟ್‌ಗಟ್ಟಲೆ ಬಂತು. ಎರಡು ಋತು ದೋಣಿ ದಡದ ಮೇಲೆ, ನಾನು ಅದರ ಮೇಲೆ ಮಂಡಿಯೂರಿಕೊಂಡು. ಹಾಯಿ ಬಿಚ್ಚಿದ್ದು ಒಂದು ದಿನವೂ ಇಲ್ಲ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದವರು ದೋಣಿ ರಿಪೇರಿ ಮಾಡಿರಲಿಲ್ಲ.

ಆದ್ದರಿಂದ ನೋಡಲು ಹೋದರೆ ಬಣ್ಣ ನೋಡಬೇಡಿ. ಸ್ಕ್ರೂಡ್ರೈವರಿನ ಹಿಡಿಯಿಂದ ಡೆಕ್ಕನ್ನು ಅಂಗೈ ಅಗಲಕ್ಕೊಂದು ಸಲ ತಟ್ಟುತ್ತಾ ಹೋಗಿ. ಗಟ್ಟಿ ಇದ್ದ ಕಡೆ ಟಕ್ ಟಕ್ ಅಂತ ಚುರುಕಾದ ಸದ್ದು ಬರುತ್ತದೆ. ಕೊಳೆತ ಕಡೆ ಡಬ್ ಡಬ್ ಅಂತ ಮಂಕಾಗುತ್ತದೆ. ಹತ್ತು ನಿಮಿಷ ತಟ್ಟಿದರೆ ಎಂಥ ಕಿವಿಗೂ ವ್ಯತ್ಯಾಸ ಗೊತ್ತಾಗುತ್ತದೆ. ಮಾರುವವರು ಪಕ್ಕದಲ್ಲಿ ನಿಂತು ಜೋರಾಗಿ ಮಾತಾಡಲು ಶುರು ಮಾಡಿದರೆ ಇನ್ನೊಮ್ಮೆ ತಟ್ಟಿ.

ಹಾಯಿಯ ಕಂಬವನ್ನು ಹಿಡಿದು ನಿಲ್ಲಿಸಿರುವ ಸ್ಟೀಲ್ ತಂತಿಗಳಿಗೆ ಎಷ್ಟು ವಯಸ್ಸು ಅಂತ ಕೇಳಿ. ಸಾಮಾನ್ಯವಾಗಿ 10ರಿಂದ 15 ವರ್ಷಕ್ಕೆ ಬದಲಾಯಿಸುತ್ತಾರೆ. ‘ನಾನು ತಗೊಂಡಾಗಿನಿಂದ ಇದೇ ಇದೆ, ಏನೂ ಆಗಿಲ್ಲ’ ಅಂದರೆ ಅದು ಶಿಫಾರಸು ಅಲ್ಲ, ಎಚ್ಚರಿಕೆ. ತಂತಿ ಕೊನೆಯ ಲೋಹದ ತುಂಡಿನೊಳಗೆ ಹೋಗುವ ಜಾಗದಲ್ಲಿ ಹತ್ತಿಯ ಉಂಡೆ ಸವರಿ. ಎಳೆ ತುಂಡಾಗಿದ್ದರೆ ಹತ್ತಿ ಸಿಕ್ಕಿಕೊಳ್ಳುತ್ತದೆ. ಬರಿಗೈ ಬೇಡ, ಬೆರಳು ಸೀಳುತ್ತದೆ. ಆ ತಂತಿಗಳನ್ನು ಹಿಡಿದಿರುವ ಪಟ್ಟಿಗಳು ಡೆಕ್ ಮೂಲಕ ಕೆಳಗಿಳಿಯುತ್ತವಲ್ಲ, ಅಲ್ಲಿ ಇನ್ನೂ ಮೋಸ. ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕು ಹಿಡಿಯದಿರಲು ಗಾಳಿಯ ಆಕ್ಸಿಜನ್ ಬೇಕು. ಡೆಕ್ಕಿನ ಸಂದಿಯಲ್ಲಿ ಉಪ್ಪುನೀರು ನಿಂತು ಆಕ್ಸಿಜನ್ ಸಿಗದ ಕಡೆ ಅದು ಒಳಗೊಳಗೇ ತಿನ್ನಿಸಿಕೊಳ್ಳುತ್ತದೆ. ಮೇಲೆ ಕೆಳಗೆ ಕನ್ನಡಿ ಹಾಗೆ ಹೊಳೆಯುತ್ತದೆ, ನಡುವೆ ಅರ್ಧಕ್ಕರ್ಧ ಇಲ್ಲ.

ಕೆಳಗೆ ಬಗ್ಗಿ, ದೋಣಿಯ ಮೈಯಲ್ಲಿರುವ ತೂತುಗಳಿಗೆ ಹಾಕಿದ ನೀರಿನ ಕವಾಟಗಳನ್ನೂ ನೋಡಿ. ನೀರಿನ ಮಟ್ಟದ ಕೆಳಗೆ ಹಿತ್ತಾಳೆ ಹಾಕಿದ್ದರೆ ಉಪ್ಪುನೀರು ಅದರಲ್ಲಿರುವ ಸತುವನ್ನು ಎಳೆದುಕೊಳ್ಳುತ್ತದೆ. ಚಾಕುವಿನ ತುದಿಯಿಂದ ಕೆರೆಯಿರಿ. ಹಳದಿ ಕಂಡರೆ ಸದ್ಯಕ್ಕೆ ಪರವಾಗಿಲ್ಲ. ಗುಲಾಬಿ ಕಂಡರೆ ಆ ಕವಾಟ ಒಂದು ದಿನ ಕೈಯಲ್ಲೇ ಮುರಿದು ಬರುತ್ತದೆ, ತೂತು ಅಲ್ಲೇ ಉಳಿಯುತ್ತದೆ.

ಜನ ಹೆದರುವುದು ಮಾತ್ರ ತಳದ ಗುಳ್ಳೆಗಳಿಗೆ. ಫೈಬರಿನೊಳಗೆ ನೀರು ಸೇರಿ ಏಳುವ ಗುಳ್ಳೆ, ಒಡೆದರೆ ವಿನೆಗರ್ ವಾಸನೆಯ ದ್ರವ ಬರುತ್ತದೆ. ನೋಡಲು ಅಸಹ್ಯ, ಸರಿಮಾಡಲು ದುಬಾರಿ. ಆದರೆ ಅದರಿಂದ ಮುಳುಗುವ ದೋಣಿ ಬಹಳ ಅಪರೂಪ. ಗುಳ್ಳೆ ಕಂಡು ಓಡಿಹೋಗುವವರೇ ಕೊಳೆತ ಡೆಕ್ಕಿನ ಮೇಲೆ ನಿಂತು ಅಡ್ವಾನ್ಸ್ ಕೊಡುತ್ತಾರೆ. ಹಾಂ, ಗುಳ್ಳೆ ಮೇಲೆ ಒಂದೇ ಕೋಟ್ ಹಚ್ಚಿದರೆ ವಾಸಿಯಾಗುವ ‘ವಿಶೇಷ ಲೇಪನ’ ಇದೆ ಅಂತ ಯಾರಾದರೂ ಡಬ್ಬ ಹಿಡಿದು ಬಂದರೆ ಬಾಗಿಲು ಹಾಕಿಕೊಳ್ಳಿ. ಕೆರೆದು, ತೊಳೆದು, ತಿಂಗಳುಗಟ್ಟಲೆ ಒಣಗಿಸದೆ ಮೇಲೆ ಬಳಿದರೆ ನೀರನ್ನು ಒಳಗೇ ಮುಚ್ಚಿಟ್ಟಂತೆ.

ಇಷ್ಟಾದ ಮೇಲೂ ಮನಸ್ಸು ಕೇಳದಿದ್ದರೆ ದೋಣಿ ಪರೀಕ್ಷಿಸುವ ಸರ್ವೇಯರ್ ಒಬ್ಬರನ್ನು ನೀವೇ ಹುಡುಕಿ, ನೀವೇ ದುಡ್ಡು ಕೊಟ್ಟು ಕರೆಸಿ. ಮಾರುವವರು ‘ನಮ್ಮ ಪರಿಚಯದವರೇ ಇದ್ದಾರೆ’ ಅಂದವರನ್ನು ಬಿಟ್ಟು. ದೋಣಿ ನೀರಿನಿಂದ ಹೊರಗಿದ್ದಾಗಲೇ ನೋಡಿಸಿ. ನಿಮ್ಮದು ಹೇಗೂ ದಡದಲ್ಲೇ ಇದೆ, ಆ ಮಟ್ಟಿಗೆ ಪುಣ್ಯವಂತರು.

ಸ್ಲೋಕಮ್ ಹೆಸರು ತೆಗೆಯುವವರಿಗೂ ಒಂದು ಮಾತು. ಹೌದು, ಜೋಶುವಾ ಸ್ಲೋಕಮ್ ಹೊಲದಲ್ಲಿ ಕೊಳೆಯುತ್ತಿದ್ದ ‘ಸ್ಪ್ರೇ’ ಎಂಬ ದೋಣಿಯನ್ನು ಪುಕ್ಕಟೆ ಪಡೆದು, ತಾನೇ ಕಟ್ಟಿ, 1895ರಿಂದ 1898ರ ನಡುವೆ ಒಬ್ಬನೇ ಭೂಮಿ ಸುತ್ತಿದ. ಹಾಗೆ ಮಾಡಿದ ಮೊದಲಿಗ. ಆದರೆ ಅವನ ಲೆಕ್ಕದಲ್ಲೇ ಅದಕ್ಕೆ 13 ತಿಂಗಳ ಸ್ವಂತ ದುಡಿಮೆ, 553 ಡಾಲರ್ 62 ಸೆಂಟಿನ ಸಾಮಾನು ಬೇಕಾಯಿತು. ಕೆಲಸಕ್ಕೆ ಕೈ ಹಾಕುವ ಮೊದಲು ಅವನು ಹತ್ತಾರು ವರ್ಷ ಹಡಗಿನಲ್ಲಿ ಕಳೆದ ಕ್ಯಾಪ್ಟನ್. ದೋಣಿ ಕಟ್ಟಿಯೂ ಗೊತ್ತಿತ್ತು. ನೀವು ಐದು ದಿನದ ತರಬೇತಿ ಮುಗಿಸಿದ್ದೀರಿ.

ಹಾಗಾದರೆ ಏನು ಮಾಡಬೇಕು ಅಂದರೆ, ಎರಡು ಋತು ಬೇರೆಯವರ ದೋಣಿಯಲ್ಲಿ ದುಡಿಯಿರಿ. ಕೈ ತುರಿಕೆ ತಡೆಯಲಾಗದಿದ್ದರೆ ಸಣ್ಣ ಡಿಂಗಿ ಕೊಳ್ಳಿ. ‘ಲೇಸರ್’ ಅನ್ನುವ, ಒಬ್ಬರೇ ನಡೆಸುವ ಪುಟ್ಟ ಹಾಯಿದೋಣಿ ಥರದ್ದು. ಉದ್ದ 4.23 ಮೀಟರ್, ಹಾಯಿ ಒಂದೇ, 7.06 ಚದರ ಮೀಟರ್. 1996ರಿಂದ ಒಲಿಂಪಿಕ್ಸಿನಲ್ಲಿದೆ, ಹಾಗಾಗಿ ಮಕ್ಕಳಾಟ ಅಂತ ಮೂಗು ಮುರಿಯಬೇಡಿ. ಅದರಲ್ಲಿ ತಪ್ಪು ಮಾಡಿದರೆ ತಕ್ಷಣ ನೀರಿಗೆ ಬೀಳುತ್ತೀರಿ, ಎತ್ತಿ ನಿಲ್ಲಿಸಿ ಮತ್ತೆ ಹತ್ತುತ್ತೀರಿ. 30 ಅಡಿಯದರಲ್ಲಿ ತಪ್ಪು ಮಾಡಿದರೆ ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ. ಆಮೇಲೆ ಎಲ್ಲ ಒಟ್ಟಿಗೇ ಆಗುತ್ತದೆ. ನನ್ನನ್ನು ಪುಕ್ಕಲ ಅನ್ನುವವರಿದ್ದಾರೆ, ಅನ್ನಲಿ.

ಪ್ರಶ್ನೆ: ಸ್ನೇಹಿತರೊಬ್ಬರು ತಮ್ಮ ಹಳೇ ದೋಣಿಯನ್ನು ಪುಕ್ಕಟೆಯಾಗಿ ಕೊಡುತ್ತೇನೆ ಅಂತಿದ್ದಾರೆ.

ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದು ಅಂತಾರೆ. ದೋಣಿಯಾದರೆ ಎಣಿಸಿ, ಮೇಲಿನ ಉತ್ತರ ಓದಿಕೊಂಡು.

ಪ್ರಶ್ನೆ: ನನಗೆ ಚೆನ್ನಾಗಿ ಈಜು ಬರುತ್ತದೆ. ಲೈಫ್ ಜಾಕೆಟ್ ಹಾಕಿಕೊಂಡರೆ ಕೈ ಆಡುವುದಿಲ್ಲ. ಹತ್ತಿರದಲ್ಲಿ ಇಟ್ಟುಕೊಂಡರೆ ಸಾಲದಾ?

ಸಾಲದು. ನೀರಿಗೆ ಬಿದ್ದ ಮೇಲೆ ಅದು ದೋಣಿಯಲ್ಲಿರುತ್ತದೆ, ನೀವು ನೀರಿನಲ್ಲಿ. ತಣ್ಣೀರಿಗೆ ಹಠಾತ್ತನೆ ಬಿದ್ದರೆ ಮೊದಲ ಒಂದು ನಿಮಿಷ ಉಸಿರು ನಿಮ್ಮ ಮಾತು ಕೇಳುವುದಿಲ್ಲ, ತಾನಾಗಿ ಬಾಯಿ ತೆರೆದು ಎಳೆದುಕೊಳ್ಳುತ್ತೀರಿ. ತೀರಾ ತಣ್ಣಗಿದ್ದರೆ ಹತ್ತು ನಿಮಿಷದೊಳಗೆ ಕೈ ಬೆರಳು ಹಿಡಿತ ಕಳೆದುಕೊಳ್ಳುತ್ತವೆ. ಈಜು ಕೊಳದಲ್ಲಿ ಗೆದ್ದ ಪದಕ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಹಾಯಿಯ ಕೆಳಗಿನ ಅಡ್ಡಕಂಬ, ಅಂದರೆ ಬೂಮ್, ತಲೆಗೆ ಬಡಿದು ಎಚ್ಚರ ತಪ್ಪಿ ಬಿದ್ದರಂತೂ ಈಜುವವರು ಯಾರು? ಕೈ ಆಡದಿದ್ದರೆ ನಿಮ್ಮ ಅಳತೆಯದು ತಗೊಳ್ಳಿ. ನನ್ನ ಜೊತೆ ಬರುವವರು ದಡದಲ್ಲೇ ಹಾಕಿಕೊಳ್ಳುತ್ತಾರೆ, ಇಲ್ಲದಿದ್ದರೆ ದಡದಲ್ಲೇ ಉಳಿಯುತ್ತಾರೆ.

ಪ್ರಶ್ನೆ: ಸಮುದ್ರಕ್ಕೆ ಹೋದರೆ ವಾಂತಿ. ಉಪವಾಸ ಹೋದರೆ ವಾಂತಿ ಆಗಲ್ಲ ಅಂತಾರೆ, ಅದನ್ನು ತಡೆಯುವ ಮಣಿಕಟ್ಟಿನ ಪಟ್ಟಿಯೂ ಬರುತ್ತದಂತೆ.

ಖಾಲಿ ಹೊಟ್ಟೆಯಲ್ಲಿ ಹೋದರೆ ಇನ್ನೂ ಕಷ್ಟ. ಹಗುರಾಗಿ ತಿಂದು ಹೋಗಿ. ಪಟ್ಟಿ ಕಟ್ಟಿಕೊಂಡು ವಾಂತಿ ಮಾಡಿದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಡಾಕ್ಟರನ್ನು ಕೇಳಿ ಮಾತ್ರೆ ತಗೊಳ್ಳಿ, ಅದೂ ಹೊರಡುವ ಮೊದಲೇ. ಸಂಕಟ ಶುರುವಾದ ಮೇಲೆ ನುಂಗಿದ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಕ್ಯಾಬಿನ್ನಿಗೆ ಇಳಿಯಬೇಡಿ, ಚುಕ್ಕಾಣಿ ಹಿಡಿದು ದಿಗಂತ ನೋಡಿ. ಬ್ರಿಟಿಷ್ ನೌಕಾಪಡೆಯ ನೆಲ್ಸನ್‌ಗೂ ಈ ಕಾಟ ಇತ್ತು, ನಾಚಿಕೆ ಬೇಡ.

ಪ್ರಶ್ನೆ: ದೋಣಿಯ ಹೆಸರು ಬದಲಾಯಿಸಿದರೆ ಕೇಡಂತೆ, ನಿಜವಾ?

ನೋಂದಣಿ, ವಿಮೆ, ರೇಡಿಯೋ ಕಾಗದಗಳಲ್ಲಿ ಬದಲಾಯಿಸುವುದು ಮರೆತರೆ ನಿಜ.

ಪ್ರಶ್ನೆ: ಎರಡೇ ದಿನದಲ್ಲಿ, ಮನೆಯಲ್ಲೇ ಕೂತು ಕ್ಯಾಪ್ಟನ್ ಸರ್ಟಿಫಿಕೇಟ್ ಕೊಡಿಸುತ್ತಾರಂತೆ.

ದುಡ್ಡು ಕಟ್ಟಿದ್ದರೆ ಇವತ್ತೇ ವಾಪಸ್ ಕೇಳಿ.

ಪ್ರಶ್ನೆ: ಗಾಳಿ ಜೋರಾದಾಗ ಹಾಯಿ ಯಾವಾಗ ಚಿಕ್ಕದು ಮಾಡಬೇಕು?

ಈ ತಿಂಗಳ ಒಳ್ಳೆಯ ಪ್ರಶ್ನೆ ಇದೊಂದೇ. ‘ಮಾಡಬೇಕಾ?’ ಅಂತ ಮೊದಲ ಸಲ ಅನಿಸಿದಾಗಲೇ ಮಾಡಿ. ಗಾಳಿಯ ವೇಗ 10 ನಾಟಿನಿಂದ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.) 20 ನಾಟಿಗೆ ಏರಿದರೆ ಹಾಯಿಯ ಮೇಲಿನ ಒತ್ತಡ ಎರಡಲ್ಲ, ನಾಲ್ಕು ಪಟ್ಟು ಆಗುತ್ತದೆ. ಆಗ ಕಂಬದ ಬುಡಕ್ಕೆ ಹೋಗಿ ಹಾಯಿ ಮಡಚುವುದು ಬೇರೆಯದೇ ಕೆಲಸ. ದಡ ಬಿಡುವಾಗಲೇ ಅನುಮಾನ ಇದ್ದರೆ ಮಡಚಿಕೊಂಡೇ ಹೊರಡಿ. ಗಾಳಿ ಸಾಲದಿದ್ದರೆ ಬಿಚ್ಚಲು ಅರ್ಧ ನಿಮಿಷ ಸಾಕು.

ಪ್ರಶ್ನೆ: ಕೆಲಸ ಬಿಟ್ಟು, ಮನೆ ಮಾರಿ, ಹೆಂಡತಿ ಜೊತೆ ದೋಣಿಯಲ್ಲೇ ಬದುಕಬೇಕು ಅಂತಿದ್ದೇನೆ. ನಿಮ್ಮ ಸಲಹೆ?

ಒಂದು ದೋಣಿ ಬಾಡಿಗೆಗೆ ಹಿಡಿಯಿರಿ. ಬಿಡದೆ ಮಳೆ ಸುರಿಯುವ ಎರಡು ವಾರ ಆರಿಸಿಕೊಂಡು, ಮುಚ್ಚಳಗಳನ್ನೆಲ್ಲ ಮುಚ್ಚಿ, ಒದ್ದೆ ಬಟ್ಟೆ ಒಳಗೇ ನೇತುಹಾಕಿ ಇಬ್ಬರೂ ಇದ್ದು ನೋಡಿ. ಶೌಚಾಲಯದ ಪಂಪ್ ಕಟ್ಟಿಕೊಂಡರೆ ನೀವೇ ಬಿಚ್ಚಿ ಸರಿಮಾಡಿ. ಆಮೇಲೆ ಇದೇ ಪ್ರಶ್ನೆ ಬರೆದು ಕಳಿಸಿ. ಈ ಸಲ ನಿಮ್ಮ ಹೆಂಡತಿ ಬರೆಯಲಿ.