ಒಂದೇ ಖಾತೆ, ಹತ್ತು ಹವ್ಯಾಸ: ಮ್ಯಾಸ್ಟೊಡಾನ್ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಮ್ಯಾಸ್ಟೊಡಾನ್ ಸೇರಿ ಎರಡು ತಿಂಗಳಾಯಿತು. ಉಪ್ಪಿನಕಾಯಿ, ಹಕ್ಕಿ ಫೋಟೊ, ಹಳೇ ರೇಡಿಯೊ ರಿಪೇರಿ ಎಲ್ಲವನ್ನೂ ಹಾಕುತ್ತೇನೆ, ಯಾರೂ ನೋಡಿದ ಹಾಗಿಲ್ಲ. ಒಂದೊಂದು ಹವ್ಯಾಸಕ್ಕೂ ಬೇರೆ ಖಾತೆ ಬೇಕೇ? (ಶಿರಸಿ)

ಉತ್ತರ: ಬೇಡ. ಮ್ಯಾಸ್ಟೊಡಾನ್ ಎಂದರೆ ಬೇರೆ ಬೇರೆಯವರು ನಡೆಸುವ ಹಲವು ಸರ್ವರ್‌ಗಳು (ನಮ್ಮ ಖಾತೆಗಳಿರುವ ಕಂಪ್ಯೂಟರ್‌ಗಳು) ಸೇರಿದ ಸಾಮಾಜಿಕ ಜಾಲತಾಣ. ಹ್ಯಾಶ್‌ಟ್ಯಾಗ್ ಹಾಕುತ್ತಿದ್ದೀರಾ, ಅದನ್ನು ಮೊದಲು ನೋಡಿಕೊಳ್ಳಿ. ಇಲ್ಲಿ ಹೋಮ್ ಪುಟಕ್ಕೆ ಬರುವುದು ನಾವು ಫಾಲೋ ಮಾಡಿದ ಜನ ಮತ್ತು ಹ್ಯಾಶ್‌ಟ್ಯಾಗ್‌ಗಳು ಮಾತ್ರ, ಅದೂ ಸಮಯದ ಕ್ರಮದಲ್ಲಿ. ಪೋಸ್ಟಿನೊಳಗಿನ ಪದ ಹುಡುಕುವ ಸೌಲಭ್ಯ 2023ರ 4.2 ಆವೃತ್ತಿಯಲ್ಲಿ ಬಂತು. ಅದರಲ್ಲೂ ಸೆಟ್ಟಿಂಗ್ಸ್‌ನಲ್ಲಿ ಒಪ್ಪಿಗೆ ಕೊಟ್ಟವರ ಪೋಸ್ಟಷ್ಟೇ ಸಿಗುತ್ತದೆ. ಹಾಗಾಗಿ ಹ್ಯಾಶ್‌ಟ್ಯಾಗ್ ಇಲ್ಲದ ಪೋಸ್ಟು ಬೋರ್ಡಿಲ್ಲದ ಅಂಗಡಿ.

ಪ್ರತಿ ಪೋಸ್ಟಿನ ಕೊನೆಗೆ ಎರಡು ಮೂರು ಸಾಕು. ಪದಗಳ ನಡುವೆ ಜಾಗ ಬಿಡಬೇಡಿ: ‘#ಹಕ್ಕಿ ಫೋಟೊ’ ಎಂದು ಬರೆದರೆ ಟ್ಯಾಗ್ ಆಗುವುದು ‘ಹಕ್ಕಿ’ ಮಾತ್ರ. ಕನ್ನಡದ್ದೇ ಒಂದು ತಾಪತ್ರಯವೂ ಇದೆ. #ಅಡುಗೆ ಮತ್ತು #ಅಡಿಗೆ ಎರಡು ಬೇರೆ ಟ್ಯಾಗ್‌ಗಳು, ಒಂದನ್ನು ಫಾಲೋ ಮಾಡಿದವರಿಗೆ ಇನ್ನೊಂದು ಕಾಣದು, ಎರಡನ್ನೂ ಹಾಕಿಬಿಡಿ. ಬರೆಯುವ ಪೆಟ್ಟಿಗೆಯಲ್ಲಿ ಭಾಷೆಯನ್ನು ‘ಕನ್ನಡ’ಕ್ಕೆ ಬದಲಿಸಿಕೊಳ್ಳಿ. ಅದು ಇಂಗ್ಲಿಷ್‌ನಲ್ಲೇ ಉಳಿದರೆ, ಕನ್ನಡ ಪೋಸ್ಟು ಮಾತ್ರ ಸಾಕೆಂದು ಆರಿಸಿಕೊಂಡವರ ಸಾರ್ವಜನಿಕ ಪುಟದಲ್ಲಿ ನಿಮ್ಮ ಬರಹ ಕಾಣಿಸುವುದಿಲ್ಲ.

ಪ್ರಶ್ನೆ: ಖಾಸಗಿ ಸಂದೇಶ ಎಷ್ಟು ಖಾಸಗಿ? (ಮೈಸೂರು)

ಉತ್ತರ: ಪೋಸ್ಟ್‌ಕಾರ್ಡಿನಷ್ಟು. ಅದಕ್ಕೆ ಗೂಢಲಿಪಿಯ ರಕ್ಷಣೆ ಇಲ್ಲ. ಎರಡೂ ಕಡೆಯ ಸರ್ವರ್ ನಡೆಸುವವರು ಓದಬೇಕೆಂದರೆ ಓದಬಹುದು. ಇನ್ನೊಂದು ಎಡವಟ್ಟು ಹೆಚ್ಚು ಸಾಮಾನ್ಯ: ಸಂದೇಶದಲ್ಲಿ ಮೂರನೆಯವರ ಬಗ್ಗೆ ಮಾತಾಡುತ್ತ ಅವರ ವಿಳಾಸವನ್ನು @ ಸಮೇತ ಬರೆದರೆ ಆ ಸಂದೇಶ ಅವರಿಗೂ ತಲಪುತ್ತದೆ! ಹೆಸರಷ್ಟೇ ಬರೆಯಿರಿ.

ಪ್ರಶ್ನೆ: ನಾನಿರುವ ಸರ್ವರ್ ಮುಂದಿನ ತಿಂಗಳು ಮುಚ್ಚುತ್ತದಂತೆ. ಫಾಲೋವರ್ಸ್ ಕಳೆದುಕೊಳ್ಳದೆ ಬೇರೆ ಕಡೆ ಹೋಗುವುದು ಹೇಗೆ? (ಧಾರವಾಡ)

ಉತ್ತರ: ಹಳೇ ಸರ್ವರ್ ಜೀವಂತ ಇರುವಾಗಲೇ ಹೊರಡಬೇಕು. ಅದು ನಿಂತ ಮೇಲೆ ಫಾಲೋವರ್ಸನ್ನು ತರುವ ದಾರಿಯಿಲ್ಲ. ಈ ಕೆಲಸವನ್ನು ಮೊಬೈಲ್ ಆ್ಯಪ್ ಬಿಟ್ಟು ಬ್ರೌಸರ್‌ನಲ್ಲಿ ಮಾಡಿ.

ಮೊದಲು ಹಳೇ ಖಾತೆಯ ‘ಆಮದು ಮತ್ತು ರಫ್ತು’ ವಿಭಾಗದಿಂದ ನೀವು ಫಾಲೋ ಮಾಡುವವರ, ಬ್ಲಾಕ್ ಮಾಡಿದವರ, ಬುಕ್‌ಮಾರ್ಕ್‌ಗಳ ಸಿಎಸ್‌ವಿ (ಪಟ್ಟಿ ರೂಪದ) ಕಡತಗಳನ್ನು ಇಳಿಸಿಕೊಳ್ಳಿ. ಪೋಸ್ಟು, ಫೋಟೊಗಳ ಪೂರ್ತಿ ಕಟ್ಟನ್ನೂ ಅಲ್ಲೇ ಕೇಳಬಹುದು, 7 ದಿನಕ್ಕೊಮ್ಮೆ ಮಾತ್ರ. ಆಮೇಲೆ ಹೊಸ ಸರ್ವರ್‌ನಲ್ಲಿ ಖಾತೆ ತೆರೆದು, ಅಲ್ಲಿ ಹಳೇ ವಿಳಾಸವನ್ನು ‘ಅಲಿಯಾಸ್’ (ನಿಮ್ಮದೇ ಇನ್ನೊಂದು ವಿಳಾಸ) ಆಗಿ ಸೇರಿಸಿ. ಇದು ಆದ ಮೇಲಷ್ಟೇ ಹಳೇ ಖಾತೆಗೆ ಮರಳಿ, ‘ಬೇರೆ ಖಾತೆಗೆ ವರ್ಗಾಯಿಸು’ ಎಂಬಲ್ಲಿ ಹೊಸ ವಿಳಾಸ ಮತ್ತು ಹಳೇ ಖಾತೆಯ ಪಾಸ್‌ವರ್ಡ್ ಕೊಡಿ. ಅಲಿಯಾಸ್ ಮರೆತರೆ ವರ್ಗಾವಣೆ ಒಪ್ಪುವುದೇ ಇಲ್ಲ. ಬೇರೆಯವರು ನಿಮ್ಮ ಫಾಲೋವರ್ಸನ್ನು ಎಳೆದುಕೊಂಡು ಹೋಗದಿರಲಿ ಎಂದೇ ಈ ಎರಡು ಕಡೆಯ ಬೀಗ.

ಫಾಲೋವರ್ಸ್ ತಾವಾಗಿಯೇ ಬರುತ್ತಾರೆ, ಕೆಲವೊಮ್ಮೆ ನಿಧಾನವಾಗಿ. ನೀವು ಫಾಲೋ ಮಾಡುವವರ ಪಟ್ಟಿಯನ್ನು ಸಿಎಸ್‌ವಿಯಿಂದ ನೀವೇ ಆಮದು ಮಾಡಬೇಕು. ಆಗ ‘ವಿಲೀನ’ ಆರಿಸಿ, ‘ಮೇಲೆ ಬರೆ’ ಆರಿಸಿದರೆ ಹೊಸ ಖಾತೆಯಲ್ಲಿ ಆಗಲೇ ಫಾಲೋ ಮಾಡಿದವರು ಹೋಗುತ್ತಾರೆ. ಹಳೇ ಪೋಸ್ಟುಗಳು ಮಾತ್ರ ಬರುವುದಿಲ್ಲ, ಇಳಿಸಿಕೊಂಡ ಕಟ್ಟನ್ನು ಹೊಸ ಖಾತೆಗೆ ತುಂಬಲೂ ಆಗದು. ಇದು ಮ್ಯಾಸ್ಟೊಡಾನ್‌ನ ದೊಡ್ಡ ಕೊರತೆ ಎಂದೇ ನಮ್ಮ ಅಭಿಪ್ರಾಯ. ಒಮ್ಮೆ ಹೊರಟ ಮೇಲೆ 30 ದಿನ ಮತ್ತೆ ವರ್ಗಾವಣೆ ಇಲ್ಲ, ಹಾಗಾಗಿ ಹೊಸ ಸರ್ವರ್‌ನ ‘ಬಗ್ಗೆ’ ಪುಟದಲ್ಲಿ ನಿಯಮಗಳನ್ನೂ ಅದು ಯಾವ ಸರ್ವರ್‌ಗಳನ್ನು ತಡೆದಿದೆ ಎಂಬ ಪಟ್ಟಿ ಇದ್ದರೆ ಅದನ್ನೂ ಓದಿಯೇ ಸೇರಿ.

ಪ್ರಶ್ನೆ: ಲೆಮ್ಮಿ ಎಂಬ ಚರ್ಚಾತಾಣದ ಕೈತೋಟದ ಗುಂಪಿಗೆ ಬರೆಯಲು ಅಲ್ಲೂ ಖಾತೆ ಬೇಕೇ? (ಪುತ್ತೂರು)

ಉತ್ತರ: ಬೇಕಿಲ್ಲ. ತಾಣಗಳು ಒಂದಕ್ಕೊಂದು ಪೋಸ್ಟು ಕಳಿಸಿಕೊಳ್ಳುವ ಸಾಮಾನ್ಯ ಭಾಷೆಯಾದ, 2018ರಲ್ಲಿ ವೆಬ್ ಮಾನದಂಡಗಳ ಸಂಸ್ಥೆ ಡಬ್ಲ್ಯೂ3ಸಿ ಮಾನ್ಯ ಮಾಡಿದ ಆಕ್ಟಿವಿಟಿಪಬ್ ಎರಡಕ್ಕೂ ಗೊತ್ತು. ಲೆಮ್ಮಿಯಲ್ಲಿ ಗುಂಪಿನ ವಿಳಾಸ ! ಚಿಹ್ನೆಯಿಂದ ಶುರುವಾಗುತ್ತದೆ, ಮ್ಯಾಸ್ಟೊಡಾನ್‌ನಲ್ಲಿ ಅದರ ಬದಲು @ ಹಾಕಿ. ಪೋಸ್ಟು ಸಾರ್ವಜನಿಕವಾಗಿರಲಿ, ಗುಂಪಿನ ವಿಳಾಸ ಕೊನೆಯಲ್ಲಿರಲಿ, ಒಂದು ಪೋಸ್ಟಿಗೆ ಒಂದೇ ಗುಂಪು. ಮೊದಲ ಸಾಲೇ ಅಲ್ಲಿ ತಲೆಬರಹವಾಗುತ್ತದೆ. ‘ಎಲ್ಲರಿಗೂ ನಮಸ್ಕಾರ’ ಎಂದು ಶುರು ಮಾಡಿದರೆ ನಿಮ್ಮ ಬದನೆ ಗಿಡದ ಹುಳುವಿನ ಪ್ರಶ್ನೆ ಆ ಹೆಸರಲ್ಲೇ ಪಟ್ಟಿಯಲ್ಲಿ ಕೂರುತ್ತದೆ. ‘ಬದನೆ ಕಾಯಿಗೆ ಹುಳು, ಏನು ಮಾಡಲಿ?’ ಎಂದು ಮೊದಲ ಸಾಲಲ್ಲೇ ಕೇಳಿಬಿಡಿ.