ಸಂಪಾದಕರ ಉತ್ತರ: ಕೊನೆಯ ಟ್ರಿಪ್ಪಿನ ಲೆಕ್ಕ

ಬಸ್ ಓಡಾಟಕ್ಕೆ ಸಾರ್ವಜನಿಕ ಹಣ ಬೇಕು ಎಂದು ಕಳೆದ ಸಂಚಿಕೆಯಲ್ಲಿ ನಾವು ಬರೆದ ಲೇಖನಕ್ಕೆ ಕಾರ್ಕಳದ ಓದುಗರೊಬ್ಬರು ಉದ್ದದ ಪತ್ರ ಕಳಿಸಿದ್ದಾರೆ. ಅದರ ಸಾರ ಇಷ್ಟು: "ನಮ್ಮ ಕರಾವಳಿಯಲ್ಲಿ ನೂರು ವರ್ಷದಿಂದ ಖಾಸಗಿ ಬಸ್ಸುಗಳು ಸರ್ಕಾರದ ದುಡ್ಡಿಲ್ಲದೆ ಓಡುತ್ತಿವೆ. ಸರ್ಕಾರಿ ಬಸ್ ಎಂದರೆ ನಷ್ಟ. ನನಗೆ ಸ್ಕೂಟರ್ ಇದೆ, ಕಾರೂ ಇದೆ. ಬೇರೆಯವರ ಬಸ್ಸಿಗೆ ನನ್ನ ತೆರಿಗೆ ಹಣ ಯಾಕೆ? ನನ್ನ ಅಮ್ಮ ಈಗಲೂ ಬಸ್ಸಿನಲ್ಲೇ ಓಡಾಡುತ್ತಾರೆ. ಅವರಿಗೇನೂ ತೊಂದರೆ ಆಗಿಲ್ಲ. ಬೇಕಿದ್ದರೆ ರೈಲು ಯಾಕಾಗಬಾರದು?"

ಮಾನ್ಯರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೂರು ವರ್ಷದ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ನಮ್ಮ ಹಿರಿಯರು ಇವತ್ತಿಗೂ ಇಲ್ಲಿನ ಹಳೆಯ ಖಾಸಗಿ ಕಂಪನಿ ಸಿಪಿಸಿಯ ಬಸ್ಸಿನ ಹೆಸರು ಹೇಳುತ್ತಾರೆ. 1948ರಲ್ಲಿ ಮೈಸೂರು ಸರ್ಕಾರ 120 ಬಸ್ ಇಟ್ಟುಕೊಂಡು ತನ್ನ ಸಾರಿಗೆ ಇಲಾಖೆ ಶುರು ಮಾಡಿತು. ಆಗ ನಾವು ಮದ್ರಾಸ್ ಪ್ರಾಂತ್ಯದಲ್ಲಿದ್ದೆವು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರುವಷ್ಟರಲ್ಲಿ ಇಲ್ಲಿನ ರಸ್ತೆಗಳಲ್ಲಿ ಖಾಸಗಿ ಬಸ್ಸುಗಳು ಗಟ್ಟಿಯಾಗಿ ನೆಲೆ ಊರಿದ್ದವು. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಐದು ನಿಮಿಷ ನಿಂತರೆ ಸುರತ್ಕಲ್ಲಿಗೋ ತಲಪಾಡಿಗೋ ಬಸ್ ಸಿಗುತ್ತದೆ. ಉಡುಪಿಯಿಂದ ಮಣಿಪಾಲಕ್ಕೆ ಹೋಗುವವರು ಸಮಯವನ್ನೇ ನೋಡುವುದಿಲ್ಲ. ಇದನ್ನು ಕಟ್ಟಿದ್ದು ಖಾಸಗಿಯವರೇ. ಅವರ ಶ್ರಮವನ್ನು ಸಣ್ಣದು ಮಾಡುವ ಮನಸ್ಸು ನನಗಿಲ್ಲ.

ಆದರೆ ನೀವು ಬಸ್ ತುಂಬುವ ಹೊತ್ತನ್ನು ಮಾತ್ರ ನೋಡಿದ್ದೀರಿ. ತುಂಬದ ಹೊತ್ತಿನಲ್ಲಿ ಏನಾಗುತ್ತದೆ?

ನಮ್ಮ ಕಚೇರಿಯಲ್ಲಿ ಪುಟ ಕಟ್ಟುವ ಹುಡುಗಿ ಹೆಬ್ರಿ ಕಡೆಯ ಒಂದು ಹಳ್ಳಿಯವಳು. ಸಂಜೆ ಆರು ಕಾಲಾದರೆ ಅವಳ ಕಣ್ಣು ಗಡಿಯಾರದ ಮೇಲೆ. ಅವಳ ಊರಿಗೆ ಮೊದಲು ರಾತ್ರಿ ಎಂಟು ಗಂಟೆಗೆ ಒಂದು ಟ್ರಿಪ್ ಇತ್ತು. ಕೊರೊನಾ ಸಮಯದಲ್ಲಿ ನಿಂತದ್ದು ಮತ್ತೆ ಬರಲಿಲ್ಲ. ಈಗ ಆರೂವರೆಯದು ತಪ್ಪಿದರೆ ಮುಖ್ಯರಸ್ತೆಯವರೆಗೆ ಬೇರೆ ಬಸ್ಸಿನಲ್ಲಿ ಹೋಗಬೇಕು. ಅಲ್ಲಿಂದ ಮನೆಗೆ ರಿಕ್ಷಾ. ಒಂದು ದಿನದ ರಿಕ್ಷಾ ಬಾಡಿಗೆ ಅವಳ ಅರ್ಧ ದಿನದ ಸಂಬಳ ನುಂಗುತ್ತದೆ. ಸಂಚಿಕೆ ಮುಗಿಸುವ ವಾರದಲ್ಲಿ ನಾವು ಅವಳನ್ನು ಬೇಗ ಕಳಿಸಿ ಉಳಿದ ಪುಟ ನಾವೇ ಮಾಡುತ್ತೇವೆ. ಎಲ್ಲ ಕಡೆ ಹೀಗೆ ಬಿಡುತ್ತಾರಾ? ರಾತ್ರಿ ಪಾಳಿ ಮುಗಿಸುವ ನರ್ಸ್, ಬಟ್ಟೆ ಅಂಗಡಿ ಬಾಗಿಲು ಹಾಕುವವರೆಗೂ ನಿಲ್ಲಬೇಕಾದ ಹುಡುಗಿ, ಇವರೆಲ್ಲ ಹೇಗೆ ಮನೆ ಸೇರುತ್ತಾರೆ?

ಆ ಟ್ರಿಪ್ ಕಟ್ ಮಾಡಿದ ಮಾಲೀಕರನ್ನು ನಾನು ದೂರುವುದಿಲ್ಲ. ಬಸ್ಸಿನಲ್ಲಿ ಐವತ್ತು ಜನ ಇರಲಿ, ಆರು ಜನ ಇರಲಿ, ಡೀಸೆಲ್ ಅಷ್ಟೇ ಬೇಕು. ಡ್ರೈವರ್, ಕಂಡಕ್ಟರ್ ಸಂಬಳ, ಟ್ಯಾಕ್ಸ್, ಇನ್ಶೂರೆನ್ಸ್ ಯಾವುದೂ ಕಡಿಮೆ ಆಗುವುದಿಲ್ಲ. ಆರು ಜನರ ಟಿಕೆಟ್ಟಿನಲ್ಲಿ ಅದು ಹುಟ್ಟುವುದಿಲ್ಲ. ಸ್ವಂತ ದುಡ್ಡು ಹಾಕಿ ಎಷ್ಟು ದಿನ ಓಡಿಸಿಯಾರು? ಹಾಗಂತ ಆ ಆರು ಜನ ಮನೆಗೆ ಹೋಗಬೇಡವೇ? ಸಾರ್ವಜನಿಕ ಹಣ ಬೇಕು ಎಂದು ನಾನು ಹೇಳುವುದು ಇಲ್ಲಿಗೆ. ತುಂಬಿ ಓಡುವ ಬಸ್ಸಿಗೆ ಅಲ್ಲ, ತುಂಬದೆ ಇದ್ದರೂ ಓಡಲೇಬೇಕಾದ ಟ್ರಿಪ್ಪಿಗೆ.

"ನನ್ನ ತೆರಿಗೆ ಯಾಕೆ" ಎಂದು ಕೇಳಿದ್ದೀರಿ. ಮಂಗಳೂರಿನ ಪಂಪ್‌ವೆಲ್ ಫ್ಲೈಓವರ್ ನೆನಪಿದೆಯಲ್ವಾ? ವರ್ಷಗಟ್ಟಲೆ ಕಾಯಿಸಿ 2020ರ ಜನವರಿ 31ರಂದು ತೆರೆಯಿತು. ತಡವಾಯಿತು ಎಂದು ಎಲ್ಲರೂ ಬೈದರು, ನಾವೂ ಬರೆದೆವು. ಆದರೆ ಅದರಿಂದ ಲಾಭ ಎಷ್ಟು ಬಂತು ಎಂದು ಯಾರೂ ಕೇಳಲಿಲ್ಲ. ಕೇಳಬೇಕಾಗಿಯೂ ಇಲ್ಲ. ನೀವು ಕಾರು ಓಡಿಸುವ ಕಾರ್ಕಳ–ಉಡುಪಿ ರಸ್ತೆಗೆ, ಕಾರೇ ಇಲ್ಲದ ನಮ್ಮ ಹುಡುಗಿಯ ದುಡ್ಡೂ ಹೋಗಿದೆ. ಅವಳು ಸೋಪು ಕೊಂಡಾಗಲೂ ತೆರಿಗೆ ಕಟ್ಟುತ್ತಾಳೆ.

ಇನ್ನೊಂದು ವಿಷಯ ನನಗೆ ನಿಜವಾಗಿ ನೋವು ಕೊಡುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಆ ಟಿಕೆಟ್ಟಿನ ಹಣವನ್ನು ಸರ್ಕಾರ ಸಾರಿಗೆ ನಿಗಮಗಳಿಗೆ ತುಂಬಿಕೊಡುತ್ತದೆ. ಮೈಸೂರಿನ ಹೆಂಗಸು ಆಧಾರ್ ತೋರಿಸಿ ದಿನಾ ಹೋಗಿಬರುತ್ತಾಳೆ. ಸರ್ಕಾರಿ ಬಸ್ಸೇ ಬಾರದ ನಮ್ಮ ಹಳ್ಳಿಯ ಹೆಂಗಸು ಕೈಯಿಂದ ದುಡ್ಡು ಕೊಟ್ಟು ಹೋಗುತ್ತಾಳೆ. 2011ರ ಜನಗಣತಿಯಲ್ಲೇ ದಕ್ಷಿಣ ಕನ್ನಡ, ಉಡುಪಿ ಎರಡು ಜಿಲ್ಲೆ ಸೇರಿ 32 ಲಕ್ಷ ದಾಟಿದ್ದೆವು. ಇಷ್ಟು ಜನರ ಪಾಲಿನ ಸಾರಿಗೆ ಹಣ ಈ ಕಡೆ ಸರಿಯಾಗಿ ಬರುತ್ತಿಲ್ಲ ಎಂದು ನಾವೇ ಗಟ್ಟಿಯಾಗಿ ಹೇಳಬೇಕು. ಸುಮ್ನೆ ಕೂತರೆ ಯಾರೂ ತಂದುಕೊಡುವುದಿಲ್ಲ.

ಹಾಗಾದರೆ ಖಾಸಗಿಯವರನ್ನು ಓಡಿಸಿ ಎಲ್ಲ ಕಡೆ ಕೆಂಪು ಬಸ್ ತರಬೇಕಾ? ಬೇಡ. ಕೇಂದ್ರದ ನರ್ಮ್ ಎಂಬ ನಗರ ಯೋಜನೆಯಲ್ಲಿ ಉಡುಪಿ, ಮಂಗಳೂರಿಗೆ ಬಂದ ಸರ್ಕಾರಿ ಬಸ್ಸುಗಳನ್ನು ನಾವೆಲ್ಲ ನೋಡಿದ್ದೇವೆ. ಹೊಸ ರೂಟಿಗೆ ಪರ್ಮಿಟ್ ಕೇಳಿದಾಗೆಲ್ಲ ತಕರಾರು, ಟೈಮಿಂಗ್ ಜಗಳ. ಎಲ್ಲರೂ ತುಂಬುವ ರೂಟಿಗೇ ಕಣ್ಣು ಹಾಕಿದರೆ ಹೀಗೇ ಆಗುವುದು. ಬಸ್ ಕೊಂಡುಕೊಟ್ಟರೆ ಕೆಲಸ ಮುಗಿಯಿತು ಎಂದು ಸರ್ಕಾರ ತಿಳಿಯುವುದೂ ತಪ್ಪು. ಕೊಳ್ಳಬೇಕಾದ್ದು ಓಡಾಟವನ್ನು.

ಭುವನೇಶ್ವರದಲ್ಲಿ 2018ರ ನವೆಂಬರಿನಲ್ಲಿ ಮೋ ಬಸ್ ಶುರುವಾಯಿತು. ಒಡಿಯಾದಲ್ಲಿ ಮೋ ಎಂದರೆ ನನ್ನ. ಬಸ್ ಓಡಿಸುವವರು ಖಾಸಗಿಯವರು. ರೂಟು, ಸಮಯ ಹೇಳುವುದು ಸರ್ಕಾರಿ ಸಂಸ್ಥೆ. ಹಣ ಕೊಡುವುದು ಓಡಿದ ಕಿಲೋಮೀಟರಿನ ಲೆಕ್ಕದಲ್ಲಿ. ಇದರಿಂದ ಏನು ಬದಲಾಗುತ್ತದೆ ನೋಡಿ. ಕಲೆಕ್ಷನ್ ಮೇಲೆ ಮಾಲೀಕನ ಹೊಟ್ಟೆ ನಿಂತಿಲ್ಲದಿದ್ದರೆ ಮುಂದಿನ ಬಸ್ಸನ್ನು ಹಿಂದೆ ಹಾಕಲು ಓಡುವ ಅವಸರ ಇರುವುದಿಲ್ಲ. ಅಜ್ಜಿ ಕಾಲಿಡುವ ಮೊದಲೇ "ರೈಟ್ ಪೋಯಿ" ಎಂದು ಸೀಟಿ ಊದಬೇಕಾಗಿಲ್ಲ. ಎಂಟು ಗಂಟೆಯ ಟ್ರಿಪ್ ಓಡಿಸದಿದ್ದರೆ ಅಷ್ಟು ಕಿಲೋಮೀಟರಿನ ಹಣ ಇಲ್ಲ. ಇದೇ ಮಾಲೀಕರು, ಇದೇ ಡ್ರೈವರುಗಳು ನಮ್ಮ ಜಿಲ್ಲೆಗಳಲ್ಲೂ ಇದನ್ನು ಚೆನ್ನಾಗಿ ಮಾಡಬಲ್ಲರು. ಅವರಿಗೆ ದಾರಿ ಗೊತ್ತು, ಜನ ಗೊತ್ತು, ಯಾವ ತಿರುವಿನಲ್ಲಿ ಯಾರು ಕಾಯುತ್ತಾರೆ ಎಂಬುದೂ ಗೊತ್ತು.

ಕೇಂದ್ರದ ಪಿಎಂ ಇ-ಬಸ್ ಸೇವಾ ಯೋಜನೆಯೂ ಕಿಲೋಮೀಟರ್ ಲೆಕ್ಕದ್ದೇ. 2023ರ ಆಗಸ್ಟಿನಲ್ಲಿ ಒಪ್ಪಿಗೆ ಸಿಕ್ಕಿತು. 10,000 ಬಸ್, ಅಂದಾಜು ವೆಚ್ಚ 57,613 ಕೋಟಿ ರೂಪಾಯಿ, ಅದರಲ್ಲಿ ಕೇಂದ್ರದ ಪಾಲು 20,000 ಕೋಟಿ. ಹತ್ತು ವರ್ಷ ಬಸ್ ಓಡಿಸಲು ನೆರವು. ಆದರೆ ಅದು ಮುಖ್ಯವಾಗಿ 3 ಲಕ್ಷಕ್ಕಿಂತ ಜಾಸ್ತಿ ಜನ ಇರುವ ನಗರಗಳಿಗೆ. ಮಂಗಳೂರು ಆ ಗೆರೆ ದಾಟುತ್ತದೆ, ಉಡುಪಿ ದಾಟುವುದಿಲ್ಲ. ಇದು ನಮ್ಮ ನೆಲದ ಸ್ವಭಾವಕ್ಕೆ ಹೊಂದದ ಅಳತೆ. ಇಲ್ಲಿ ಊರು ಎಲ್ಲಿ ಮುಗಿಯುತ್ತದೆ? ತಲಪಾಡಿಯಿಂದ ಹೊರಟರೆ ಸುರತ್ಕಲ್, ಮೂಲ್ಕಿ, ಪಡುಬಿದ್ರಿ, ಕಾಪು, ಉಡುಪಿ, ಬ್ರಹ್ಮಾವರ, ಕುಂದಾಪುರದವರೆಗೆ ಮನೆಗಳು ಸಾಲಾಗಿ ಬರುತ್ತಲೇ ಇವೆ. ಕಾಪುವಿನಲ್ಲಿ ಮನೆ, ಮಂಗಳೂರಿನಲ್ಲಿ ಕೆಲಸ, ಮಣಿಪಾಲದಲ್ಲಿ ಮಗಳ ಕಾಲೇಜು. 1997ರಲ್ಲಿ ಜಿಲ್ಲೆ ಎರಡಾಯಿತು, ಜನರ ಓಡಾಟ ಎರಡಾಗಲಿಲ್ಲ. ಪರ್ಮಿಟ್ ಮಾತ್ರ ಜಿಲ್ಲೆಗೊಂದು ಸಭೆಯಲ್ಲಿ ತೀರ್ಮಾನ ಆಗುತ್ತದೆ. ಬೆಂಗಳೂರಿಗೆ 2022ರ ಕಾಯ್ದೆಯಲ್ಲಿ ಪ್ರತ್ಯೇಕ ಭೂ ಸಾರಿಗೆ ಪ್ರಾಧಿಕಾರ ಮಾಡಿದರು. ಎರಡೂ ಜಿಲ್ಲೆಗೆ ಸೇರಿ ಅಂಥದ್ದೊಂದು ಬೇಕು. ಅದರ ಕೈಯಲ್ಲಿ ಹಣವೂ ಇರಬೇಕು, ಇಲ್ಲದಿದ್ದರೆ ಸಭೆ ಮಾಡಿ ಚಾ ಕುಡಿದು ಹೋಗುವುದಷ್ಟೇ ಆಗುತ್ತದೆ.

ರೈಲಿನ ಬಗ್ಗೆಯೂ ಕೇಳಿದ್ದೀರಿ. 1993ರಿಂದ ಮಂಗಳೂರು–ಉಡುಪಿ ನಡುವೆ ಹಳಿ ಇದೆ. ಆದರೆ ಅದು ಒಂದೇ ಹಳಿ, ದೂರದ ರೈಲುಗಳಿಗೇ ಜಾಗ ಸಾಲದು. ಅದನ್ನು ಬೇರೆಯಾಗಿಯೇ ಬರೆಯಬೇಕು, ಬರೆಯುತ್ತೇವೆ.

ಹಣ ಪೋಲಾಗುವ ಭಯ ನಿಮಗಿದೆ. ನನಗೂ ಇದೆ. ಅದಕ್ಕೇ ಪ್ರತಿ ರೂಟಿನಲ್ಲಿ ಎಷ್ಟು ಟ್ರಿಪ್ ಓಡಿತು, ಎಷ್ಟು ಹಣ ಕೊಟ್ಟರು ಎಂಬುದನ್ನು ಪ್ರತಿ ತಿಂಗಳು ಬಸ್ ಸ್ಟ್ಯಾಂಡಿನ ಗೋಡೆಗೆ ಅಂಟಿಸಬೇಕು. ದಿನಾ ಅದೇ ಬಸ್ಸಿಗೆ ಕಾಯುವವರಿಗಿಂತ ಒಳ್ಳೆಯ ಲೆಕ್ಕ ಪರಿಶೋಧಕರು ಯಾರಿದ್ದಾರೆ?

ಕೊನೆಗೆ ನಿಮ್ಮ ಅಮ್ಮನ ಮಾತು. ಅವರಿಗೆ ತೊಂದರೆ ಇಲ್ಲ ಎಂದು ಬರೆದಿದ್ದೀರಿ. ಇವತ್ತು ರಾತ್ರಿ ಊಟಕ್ಕೆ ಕೂತಾಗ ಅವರನ್ನು ಒಮ್ಮೆ ಕೇಳಿ ನೋಡಿ. ಕತ್ತಲಾದ ಮೇಲೆ ಬಸ್ ಇಲ್ಲ ಎಂಬ ಒಂದೇ ಕಾರಣಕ್ಕೆ ಈ ವರ್ಷ ಯಾವ ಮದುವೆಗೆ, ಯಾರ ಮನೆಗೆ, ಯಾವ ಯಕ್ಷಗಾನಕ್ಕೆ ಹೋಗುವುದನ್ನು ಬಿಟ್ಟರು? ಅವರು ಹೇಳಿದ್ದನ್ನು ಹಾಗೆಯೇ ಬರೆದು ಕಳಿಸಿ. ಜೊತೆಗೆ ನಿಮ್ಮ ಊರಿನ ಕೊನೆಯ ಬಸ್ ಎಷ್ಟು ಗಂಟೆಗೆ ಎಂಬುದನ್ನೂ ತಿಳಿಸಿ. ಬೇರೆ ಓದುಗರೂ ತಮ್ಮ ಊರಿನದು ಕಳಿಸಲಿ. ಮುಂದಿನ ಸಂಚಿಕೆಯಲ್ಲಿ ಎಲ್ಲವನ್ನೂ ಸಾಲಾಗಿ ಅಚ್ಚು ಮಾಡುತ್ತೇವೆ. ಅದರ ಪ್ರತಿಯನ್ನು ಎರಡೂ ಜಿಲ್ಲಾಧಿಕಾರಿಗಳ ಕಚೇರಿಗೆ ನಾನೇ ಹೋಗಿ ಕೊಟ್ಟು ಬರುತ್ತೇನೆ.

– ಸಂಪಾದಕ