ಬಾಡಿಗೆ ಯಾರ ಖಾತೆಗೆ ಬೀಳುತ್ತಿದೆ, ತಾಯಿ?

ವಿಜಯಪುರದ ಹಳೆಯ ಬಡಾವಣೆಯೊಂದರಿಂದ ಬಂದ ನಾಲ್ಕು ಪುಟಗಳ ಪತ್ರ ಈ ವಾರ ನನ್ನ ನೆಮ್ಮದಿ ಕೆಡಿಸಿದೆ. ಬರೆದವರಿಗೆ ಅರವತ್ತಾರು ವರ್ಷ; ಯಜಮಾನರು ತೀರಿಕೊಂಡಿದ್ದಾರೆ, ಒಬ್ಬನೇ ಮಗ ಪುಣೆಯಲ್ಲಿ ನೌಕರಿಯಲ್ಲಿದ್ದಾನೆ. ಎರಡು ವರ್ಷಗಳ ಹಿಂದೆ ಪಡಸಾಲೆಯನ್ನೂ ಅದಕ್ಕೆ ಹೊಂದಿದ ಎರಡು ಕೋಣೆಗಳನ್ನೂ ಗಂಡ, ಹೆಂಡತಿ, ಒಂದು ಮಗುವಿನ ಸಂಸಾರಕ್ಕೆ ಬಾಡಿಗೆಗೆ ಕೊಟ್ಟು, ತಾವು ನಡುಮನೆ ಮತ್ತು ಅಡುಗೆಮನೆಯಲ್ಲಿ ಉಳಿದುಕೊಂಡಿದ್ದಾರೆ. ಬಚ್ಚಲು, ಹಿತ್ತಲು, ನೀರಿನ ಟಾಕಿ, ಕರೆಂಟಿನ ಮೀಟರು ಎರಡೂ ಸಂಸಾರಗಳಿಗೆ ಒಂದೇ. ನಳ ಬಂದ ದಿನ ಅವರ ವಾಷಿಂಗ್ ಮಷಿನ್ ಮಧ್ಯಾಹ್ನದವರೆಗೆ ನಡೆದು ಟಾಕಿ ಅರ್ಧಕ್ಕಿಳಿಯುತ್ತದೆ. ಬೈಕು ಬಾಗಿಲಿಗೆ ಅಡ್ಡ ನಿಲ್ಲುತ್ತದೆ. ನಸುಕಿನಲ್ಲಿ ರೊಟ್ಟಿ ಬಡಿಯುವ ಸದ್ದಿಗೆ ಮಗು ಎಚ್ಚರಗೊಳ್ಳುತ್ತದೆಂದು ಅವರು ಹೇಳಿದಾಗಿನಿಂದ ಈ ತಾಯಿ ತಮ್ಮ ರೊಟ್ಟಿಯನ್ನು ಹನ್ನೊಂದು ಗಂಟೆಗೆ ಮಾಡಿಕೊಳ್ಳುತ್ತಿದ್ದಾರೆ. ಏನು ಕೇಳಿದರೂ ‘ಸಾಹೇಬ್ರ ಜೋಡಿ ಮಾತಾಡೇವ್ರಿ, ಆಯಿ’ ಎಂಬ ಒಂದೇ ಉತ್ತರ. ಸಾಹೇಬರೆಂದರೆ ಪುಣೆಯ ಮಗ. ಸಹಿಸಿಕೊಂಡಿರಲೇ ಅಥವಾ ಬಿಡಿಸಲೇ ಎಂಬುದು ಅವರ ಪ್ರಶ್ನೆ.

ಮೂರನೆಯ ಪುಟದಲ್ಲಿ, ನಳದ ದೂರಿಗೂ ಬೈಕಿನ ದೂರಿಗೂ ನಡುವೆ ಒಂದು ಸಾಲು ನುಸುಳಿದೆ: ‘ಬಾಡಿಗೆ ಎಂಟು ಸಾವಿರ ಮಗನ ಖಾತೆಗೆ ಹೋಗುತ್ತದೆ, ಅದರಲ್ಲಿ ಆತ ನನಗೆ ಖರ್ಚಿಗೆಂದು ಮೂರು ಸಾವಿರ ಕಳಿಸುತ್ತಾನೆ, ಆ ಬಗ್ಗೆ ನನ್ನ ತಕರಾರಿಲ್ಲ.’ ತಕರಾರು ಇರಬೇಕಿತ್ತು, ತಾಯಿ. ಮನೆಯ ಮಾಲೀಕರು ಯಾರೆಂದು ತೋರಿಸುವ ಉತಾರದಲ್ಲಿ ನಿಮ್ಮ ಹೆಸರಿದೆ, ಪಾಲಿಕೆಗೆ ಕರ ಕಟ್ಟುವವರು ನೀವು, ಬಚ್ಚಲನ್ನು ಹಂಚಿಕೊಂಡವರು ನೀವು. ಹಣ ಮಾತ್ರ ನಿಮ್ಮ ಕೈ ಮುಟ್ಟದೆ ಪುಣೆಗೆ ಹೋಗಿ, ಅರ್ಧಕ್ಕಿಂತ ಕಡಿಮೆಯಾಗಿ ಮರಳಿ ಬರುತ್ತಿದೆ.

ನೀವು ಬಾಡಿಗೆದಾರನ ಮೇಲೆ ಬಹಳ ಸಿಟ್ಟಾಗಿದ್ದೀರಿ. ನನಗೆ ಅಷ್ಟು ಸಿಟ್ಟು ಬರುವುದಿಲ್ಲ. ಕರಾರುಪತ್ರದಲ್ಲಿ ಮಾಲೀಕರ ಜಾಗದಲ್ಲಿ ಸಹಿ ಮಾಡಿದವನು ನಿಮ್ಮ ಮಗ, ಪ್ರತಿ ತಿಂಗಳು ಹಣ ಪಡೆಯುವವನು ನಿಮ್ಮ ಮಗ. ಹಾಗಿರುವಾಗ ಮನೆಯ ಮಾತನ್ನು ಬಾಡಿಗೆದಾರ ಅವನೊಂದಿಗೆ ಆಡದೆ ಇನ್ನಾರೊಂದಿಗೆ ಆಡಬೇಕು? ಅವನ ಲೆಕ್ಕದಲ್ಲಿ ನೀವು ಹಿಂಬದಿಯ ಕೋಣೆಯಲ್ಲಿರುವ, ವಯಸ್ಸಾದ ಇನ್ನೊಬ್ಬ ಬಾಡಿಗೆದಾರರು. ಹಾಗೆ ತಿಳಿಯುವಂತೆ ಮಾಡಿದವನು ಮಗ. ‘ಅವ್ವಗ ಬ್ಯಾಂಕಿನ ತ್ರಾಸ ಬ್ಯಾಡ’ ಎಂದು ಆತ ಅಂದದ್ದನ್ನು ನೀವು ಪ್ರೀತಿಯಿಂದ ಬರೆದಿದ್ದೀರಿ. ಯಜಮಾನರ ಪಿಂಚಣಿಯನ್ನು ಪ್ರತಿ ತಿಂಗಳು ನೀವೇ ಬ್ಯಾಂಕಿಗೆ ಹೋಗಿ ತರುತ್ತೀರೆಂದು ಮೊದಲ ಪುಟದಲ್ಲಿಯೇ ಇದೆ. ಇದರಲ್ಲಿ ಯಾವ ತ್ರಾಸವನ್ನು ಆತ ತಪ್ಪಿಸಿದನೋ ನನಗೆ ಅರ್ಥವಾಗಲಿಲ್ಲ.

ಈ ಅಂಕಣವನ್ನು ಓದುತ್ತ ಬಂದವರಿಗೆ ನನ್ನ ಹಟ ಗೊತ್ತಿದೆ: ಹೆಣ್ಣುಮಗಳ ಹೆಸರಿನ ಆಸ್ತಿಯ ಹುಟ್ಟುವಳಿ ಅವಳ ಖಾತೆಗೇ ಬರಬೇಕು, ಆಮೇಲೆ ಅವಳು ಮಗನಿಗೆ ಕೊಡಲಿ, ಮಠಕ್ಕೆ ಕೊಡಲಿ, ಅದು ಅವಳ ಖುಷಿ. ಇದರಲ್ಲಿ ಕಾಯಿದೆಯ ಮಾತೂ ಇದೆ. ಬಾಡಿಗೆ ಯಾರ ಖಾತೆಗೆ ಬಿದ್ದರೂ ಆದಾಯ ತೆರಿಗೆಯವರು ಅದನ್ನು ಮನೆಯ ಮಾಲೀಕರ ಆದಾಯವೆಂದೇ ಹಿಡಿಯುತ್ತಾರೆ. ನೀವು ಪಾಲಿಕೆಗೆ ಕಟ್ಟಿದ ಕರವನ್ನು ಕಳೆದು, ಉಳಿದುದರಲ್ಲಿ ನೂರಕ್ಕೆ 30ರಷ್ಟನ್ನು ಬಿಟ್ಟು, ಮಿಕ್ಕಿದ್ದು ನಿಮ್ಮ ಪಿಂಚಣಿಯ ಜೊತೆಗೆ ಲೆಕ್ಕಕ್ಕೆ ಬರುತ್ತದೆ. ಹಣ ಅವನಿಗೆ, ಲೆಕ್ಕ ನಿಮಗೆ.

ಕರೆಂಟಿನ ಕಥೆ ಇನ್ನೂ ವಿಚಿತ್ರವಾಗಿದೆ. ಗೃಹಜ್ಯೋತಿ ಯೋಜನೆ 2023ರಲ್ಲಿ ಬಂದಾಗ ನಿಮಗೆ ಬಿಲ್ಲಿರಲಿಲ್ಲ, ಈ ಬೇಸಿಗೆಯಿಂದ ಬರುತ್ತಿದೆ ಎಂದಿದ್ದೀರಿ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕೆಂಬುದು ಆ ಯೋಜನೆಯ ಕಟ್ಟಳೆ. ಒಂದೇ ಮೀಟರಿನ ಮೇಲೆ ಅವರ ಫ್ರಿಜ್, ಕೂಲರ್, ವಾಷಿಂಗ್ ಮಷಿನ್ ಮತ್ತು ನಿಮ್ಮ ಎರಡು ದೀಪ, ಒಂದು ಫ್ಯಾನು ನಡೆದರೆ ಆ ಮಿತಿ ದಾಟುವುದು ದೊಡ್ಡ ಮಾತಲ್ಲ. ಆ ಬಿಲ್ಲನ್ನು ನೀವು ಮಗ ಕಳಿಸಿದ ಮೂರು ಸಾವಿರದಿಂದ ಕಟ್ಟುತ್ತಿದ್ದೀರಿ! ಯೋಜನೆ ಬಾಡಿಗೆದಾರರಿಗೂ ಇದೆ. ಹೆಸ್ಕಾಂ ಕಚೇರಿಯಲ್ಲಿ ಮುಂಭಾಗಕ್ಕೆ ಬೇರೆ ಮೀಟರು ಕೇಳಿ ಅರ್ಜಿ ಕೊಟ್ಟರೆ ಅವರ ಸುಡುವಿಕೆ ಅವರ ಲೆಕ್ಕಕ್ಕೆ ಹೋಗುತ್ತದೆ. ಬಚ್ಚಲನ್ನು ಹಂಚಿಕೊಂಡು ಬದುಕಬಹುದು, ಮೀಟರನ್ನಲ್ಲ. ಇದು ನನ್ನ ಎರಡನೆಯ ಹಟ.

ಬಿಡಿಸುವ ಮಾತಿಗೆ ಬಂದರೆ, ಅದು ನೀವು ತಿಳಿದಷ್ಟು ಕಠಿಣವಲ್ಲ. ಹನ್ನೊಂದು ತಿಂಗಳ ಕರಾರು ಮುಗಿದು ವರ್ಷ ಕಳೆದಿದೆ, ಅದನ್ನು ಯಾರೂ ಮುಂದುವರಿಸಿ ಬರೆದಿಲ್ಲ. ಇಂಥ ತಿಂಗಳ ಬಾಡಿಗೆಯನ್ನು 1882ರ ಸ್ವತ್ತು ವರ್ಗಾವಣೆ ಕಾಯಿದೆಯ 106ನೆಯ ಕಲಮಿನ ಪ್ರಕಾರ ಹದಿನೈದು ದಿನಗಳ ಲಿಖಿತ ನೋಟಿಸಿನಿಂದ ಕೊನೆಗೊಳಿಸಬಹುದು. ಅನಂತರವೂ ಅವರು ಬಿಡದಿದ್ದರೆ ನ್ಯಾಯಾಲಯದ ದಾರಿ ಮಾತ್ರ ಉದ್ದವಾದದ್ದು. ಟಾಕಿಯ ವಾಲ್ವ್ ಬಂದ್ ಮಾಡಿ ಅವರನ್ನು ಓಡಿಸೆಂದು ಪಕ್ಕದ ಮನೆಯವರು ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳಬೇಡಿ. ಹಾಗೆ ಮಾಡಿದರೆ ತಪ್ಪು ನಿಮ್ಮ ಮೇಲೆ ಬರುತ್ತದೆ, ಸಣ್ಣ ಮಗುವಿರುವ ಮನೆಗೆ ನೀರು ನಿಲ್ಲಿಸುವುದು ನಿಮ್ಮಂಥವರಿಗೆ ಒಗ್ಗುವ ಕೆಲಸವೂ ಅಲ್ಲ. ಆದರೆ ಈಗಲೇ ನೋಟಿಸು ಬೇಡ. ಇವರು ಹೋದರೆ ಮಗ ಇನ್ನೊಬ್ಬರನ್ನು ತಂದು ಕೂಡಿಸುತ್ತಾನೆ, ಬಾಡಿಗೆ ಮತ್ತೆ ಪುಣೆಗೇ ಹೋಗುತ್ತದೆ.

ಆದ್ದರಿಂದ ನಾನು ಹೇಳುವ ಕೆಲಸ ಒಂದೇ. ಬರುವ ಒಂದನೆಯ ತಾರೀಖಿನೊಳಗೆ ಪಿಂಚಣಿ ಬರುವ ಖಾತೆಯ ಪಾಸ್‌ಬುಕ್ಕಿನ ಮೊದಲ ಪುಟವನ್ನು ಜೆರಾಕ್ಸ್ ಮಾಡಿಸಿ, ಅದರ ಕೆಳಗೆ ‘ಈ ತಿಂಗಳಿನಿಂದ ಬಾಡಿಗೆಯನ್ನು ಈ ಖಾತೆಗೇ ಕಟ್ಟತಕ್ಕದ್ದು’ ಎಂದು ಬರೆದು, ದಿನಾಂಕ ಹಾಕಿ ಸಹಿ ಮಾಡಿ, ಉತಾರದ ಪ್ರತಿಯೊಂದಿಗೆ ಬಾಡಿಗೆದಾರನ ಕೈಗೆ ಕೊಡಿ. ಅವನಿಂದ ಇನ್ನೊಂದು ಪ್ರತಿಯ ಮೇಲೆ ಮುಟ್ಟಿದ ಸಹಿ ತೆಗೆದುಕೊಳ್ಳಿ. ಹೊಸ ಕರಾರು, ಬೈಕಿನ ಜಾಗ, ನಳ ಬಂದ ದಿನದ ನೀರಿನ ಲೆಕ್ಕ ಇವೆಲ್ಲವೂ ಮೊದಲ ಬಾಡಿಗೆ ನಿಮ್ಮ ಪಾಸ್‌ಬುಕ್ಕಿನಲ್ಲಿ ಏರಿದ ಮೇಲಿನ ಮಾತು. ಅಷ್ಟರೊಳಗೆ ಮಗನಿಗೆ ಫೋನು ಮಾಡಿ ಅಪ್ಪಣೆ ಕೇಳಬೇಡಿ. ತಾನಾಗಿಯೇ ಫೋನು ಮಾಡಿದರೆ, ಚೀಟಿ ಕೊಟ್ಟಾಯಿತೆಂದಷ್ಟೇ ಹೇಳಿ.